ಸಾಧಾರಣ ಕಾಲೇಜಿನಲ್ಲಿ ಎಂಬಿಎ: ಎರಡು ವರ್ಷಗಳನ್ನು ಬಳಸಿಕೊಳ್ಳುವುದು ಹೇಗೆ?

ಓದುಗರ ಪ್ರಶ್ನೆ: ನಾನು ಪುತ್ತೂರು ತಾಲ್ಲೂಕಿನವಳು. ಬಿ.ಕಾಂ. ಮುಗಿಸಿ, ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು, ಬೆಂಗಳೂರಿನ ಒಂದು ಸಾಧಾರಣ ಕಾಲೇಜಿನಲ್ಲಿ ಎಂಬಿಎ ಸೀಟು ಪಡೆದಿದ್ದೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಶುಲ್ಕಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡುತ್ತಿದ್ದೇವೆ. ಐಐಎಂನಂಥ ಸಂಸ್ಥೆಯಲ್ಲಿ ಓದದಿದ್ದರೆ ಎಂಬಿಎಗೆ ಬೆಲೆಯೇ ಇಲ್ಲ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಈ ಎರಡು ವರ್ಷಗಳನ್ನು ಹೇಗೆ ಬಳಸಿಕೊಂಡರೆ ಪ್ರಯೋಜನವಾದೀತು? ಸೇರಿದ ಮೇಲೂ ಮತ್ತೆ ಐಐಎಂ ಪ್ರವೇಶದ ಕ್ಯಾಟ್ ಪರೀಕ್ಷೆಗೆ ಓದುವುದು ಒಳ್ಳೆಯದೇ?

ಉತ್ತರ: ಪ್ರತಿ ವರ್ಷ ಪ್ರವೇಶದ ಹೊತ್ತಿಗೆ ಈ ಪ್ರಶ್ನೆ ಊರಿನ ಹೆಸರನ್ನು ಮಾತ್ರ ಬದಲಾಯಿಸಿಕೊಂಡು ನನ್ನ ಬಳಿಗೆ ಬರುತ್ತದೆ. ನಾನೂ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ, ಹೆಸರು ಕೇಳಿ ಯಾರೂ ಹುಬ್ಬೇರಿಸದ ವಿಭಾಗದಲ್ಲಿ, ಎಂಬಿಎ ಓದಿದವನು. ಅನಂತರ ಮಾರಾಟದ ಕೆಲಸದಲ್ಲಿ ಹಲವು ವರ್ಷ ಕಳೆದು, ಈಗ ಅತಿಥಿ ಉಪನ್ಯಾಸಕನಾಗಿಯೂ ಆಗಾಗ ಮೌಖಿಕ ಪರೀಕ್ಷೆಯ ಪರೀಕ್ಷಕನಾಗಿಯೂ ಕಾಲೇಜುಗಳಿಗೆ ಹೋಗುತ್ತಿರುತ್ತೇನೆ. ಮೇಜಿನ ಎರಡೂ ಬದಿಗಳಲ್ಲಿ ಕುಳಿತ ಅನುಭವದಿಂದ ಹೇಳುತ್ತಿರುವ ಮಾತುಗಳಿವು.

ಮೊದಲಿಗೆ, ನಿಮಗೆ ಎಲ್ಲರೂ ಹೇಳಿದ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ನೋಡೋಣ. ಬನ್ನೇರುಘಟ್ಟ ರಸ್ತೆಯಲ್ಲಿರುವ, 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂ ಆಗಲಿ, ನಿಮ್ಮ ಕಾಲೇಜಾಗಲಿ, ಮೊದಲ ವರ್ಷದಲ್ಲಿ ಕಲಿಸುವ ವಿಷಯಗಳು ಬಹುಮಟ್ಟಿಗೆ ಒಂದೇ: ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮಾರುಕಟ್ಟೆ, ಹಣಕಾಸು, ಸಂಸ್ಥೆಗಳಲ್ಲಿ ಮನುಷ್ಯರ ನಡವಳಿಕೆ. ವ್ಯತ್ಯಾಸ ಇರುವುದು ಪಕ್ಕದ ಬೆಂಚಿನಲ್ಲಿ ಕುಳಿತವರು ಯಾರು, ನೇಮಕಾತಿಗೆ ಬರುವ ಕಂಪನಿಗಳು ಯಾವುವು, ಹಳೆಯ ವಿದ್ಯಾರ್ಥಿಗಳು ಇಂದು ಎಲ್ಲಿದ್ದಾರೆ ಎಂಬುದರಲ್ಲಿ. ಈ ವ್ಯತ್ಯಾಸ ಚಿಕ್ಕದಲ್ಲ. ಚಿಕ್ಕದು ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಪ್ರಾಮಾಣಿಕತೆಯಾಗುವುದಿಲ್ಲ. ಆದರೆ ಸೀಟು ಪಡೆದಾದ ಮೇಲೆ ಈ ಮೂರರಲ್ಲಿ ಯಾವುದೂ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಬೇರೊಂದಿದೆ, ಅದನ್ನು ಹೆಚ್ಚಿನ ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ.

ಪಠ್ಯಕ್ರಮದ ಬಹುಪಾಲನ್ನು ಛಲವಿದ್ದವರು ಮನೆಯಲ್ಲೇ ಕುಳಿತು ಓದಿಕೊಳ್ಳಬಹುದು. ಹಾಗೆ ಓದುವವರಿಗೆ ಎಷ್ಟೇ ಪ್ರಯತ್ನಿಸಿದರೂ ಸಿಗದಿರುವುದು ಕಾಲೇಜು ನಿಮ್ಮ ಕೊರಳಿಗೆ ಹಾಕುವ ಗುರುತಿನ ಚೀಟಿ. ಅದನ್ನು ಹಾಕಿಕೊಂಡು ಅಂಗಡಿಯೊಂದರ ಮೆಟ್ಟಿಲು ಹತ್ತಿದಾಗ ಅಲ್ಲಿನ ಯಜಮಾನರಿಗೆ ನೀವು ಪ್ರತಿಸ್ಪರ್ಧಿಯಲ್ಲ, ತೆರಿಗೆ ಇಲಾಖೆಯಿಂದ ಬಂದವರಲ್ಲ, ಸಾಲ ವಸೂಲಿಯವರಲ್ಲ, ಏನನ್ನೋ ಮಾರಲು ಬಂದವರೂ ಅಲ್ಲ. ಕಲಿಯಲು ಬಂದ ಹುಡುಗಿ. ನಮ್ಮ ಸಮಾಜದಲ್ಲಿ ವಿದ್ಯಾರ್ಥಿಗೆ ಇನ್ನೂ ಒಂದು ಮರ್ಯಾದೆಯಿದೆ, ಬೇರೆ ಯಾರಿಗೂ ಹೇಳದ ಲೆಕ್ಕವನ್ನು ಜನ ವಿದ್ಯಾರ್ಥಿಗೆ ಹೇಳುತ್ತಾರೆ. ಕಾರ್ಖಾನೆಯ ವ್ಯವಸ್ಥಾಪಕರು, ಬ್ಯಾಂಕಿನ ಶಾಖಾಧಿಕಾರಿ, ಎಪಿಎಂಸಿ ಪ್ರಾಂಗಣದ ದಲಾಲರು ಎಲ್ಲರೂ ಅರ್ಧ ಗಂಟೆ ಬಿಡುವು ಮಾಡಿಕೊಡುತ್ತಾರೆ. ಈ ಚೀಟಿಗೆ ಎರಡು ವರ್ಷದ ಆಯುಷ್ಯ. ಕೆಲಸಕ್ಕೆ ಸೇರಿದ ಮರುದಿನ ಅದೇ ಅಂಗಡಿಗೆ ಹೋಗಿ ಅದೇ ಪ್ರಶ್ನೆ ಕೇಳಿದರೆ ‘ನೀವು ಯಾವ ಕಂಪನಿಯವರು?’ ಎಂಬ ಮರುಪ್ರಶ್ನೆ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಹೀಗಾಗಿ ನನ್ನ ಉತ್ತರವನ್ನು ಒಂದೇ ವಾಕ್ಯದಲ್ಲಿ ಕೇಳುವುದಾದರೆ, ಮುಂದೆ ಎಂದಾದರೂ ಮಾಡಬಹುದಾದದ್ದನ್ನು ಮುಂದಕ್ಕೆ ಹಾಕಿ, ವಿದ್ಯಾರ್ಥಿಯಾಗಿರುವಾಗ ಮಾತ್ರ ಮಾಡಬಹುದಾದದ್ದಕ್ಕೆ ಈ ಎರಡು ವರ್ಷಗಳನ್ನು ಕೊಡಿ.

ಇದು ತರಗತಿಯ ಓದಿಗೆ ಬದಲಿಯಲ್ಲ, ಆ ಓದು ತಲೆಗೆ ಹತ್ತುವ ದಾರಿ. ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಹಣಕಾಸಿನ ಪಾಠದಲ್ಲಿ ವರ್ಕಿಂಗ್ ಕ್ಯಾಪಿಟಲ್, ಅಂದರೆ ದುಡಿಯುವ ಬಂಡವಾಳ, ಎಂಬ ಅಧ್ಯಾಯ ಬರುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಪಡೆಯುವುದು ಸುಲಭ. ಅದರ ಬದಲು ನಿಮ್ಮ ಬಾಡಿಗೆ ಕೋಣೆಯ ಹತ್ತಿರದ ಕಿರಾಣಿ ಅಂಗಡಿಗೆ, ವ್ಯಾಪಾರ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ತಂದ ಸರಕು ಖರ್ಚಾಗಲು ಎಷ್ಟು ದಿನ ಬೇಕು? ಉದ್ರಿ ಕೊಟ್ಟದ್ದು ವಾಪಸು ಬರಲು ಎಷ್ಟು ದಿನ? ಸಗಟು ವ್ಯಾಪಾರಿ ನಿಮಗೆ ಕೊಡುವ ಗಡುವು ಎಷ್ಟು ದಿನ? ಲೆಕ್ಕಕ್ಕಾಗಿ ಉತ್ತರಗಳು ಕ್ರಮವಾಗಿ 30, 20 ಮತ್ತು 15 ಎಂದಿಟ್ಟುಕೊಳ್ಳಿ. ಮೂವತ್ತಕ್ಕೆ ಇಪ್ಪತ್ತನ್ನು ಕೂಡಿಸಿ ಹದಿನೈದನ್ನು ಕಳೆದರೆ, ಯಜಮಾನರ ಹಣ 35 ದಿನ ಸರಕಿನಲ್ಲೂ ಉದ್ರಿ ಪುಸ್ತಕದಲ್ಲೂ ಸಿಕ್ಕಿಬಿದ್ದಿರುತ್ತದೆ ಎಂದಾಯಿತು. ದಿನಕ್ಕೆ ಅಸಲು ಬೆಲೆಯಲ್ಲಿ 20,000 ರೂಪಾಯಿಯ ಸರಕು ಹೋಗುವ ಅಂಗಡಿಗೆ ಸದಾಕಾಲ 7 ಲಕ್ಷ ರೂಪಾಯಿ ಒಳಗೇ ಇರಬೇಕು. ‘ವ್ಯಾಪಾರ ಚೆನ್ನಾಗಿದೆ, ಕೈಯಲ್ಲಿ ಮಾತ್ರ ಕಾಸಿಲ್ಲ’ ಎಂದು ವರ್ತಕರು ಹೇಳುವ ಮಾತಿನ ಒಳಗುಟ್ಟು ಇದೇ.

ಅಲ್ಲಿಂದ ಎದುರಿನ ದರ್ಶಿನಿಗೆ ನಡೆಯಿರಿ. ಅಲ್ಲಿ ಗಿರಾಕಿ ಮೊದಲು ಹಣ ಕೊಟ್ಟು ಟೋಕನ್ ಪಡೆಯುತ್ತಾನೆ, ಆಮೇಲೆ ದೋಸೆ ಹುಯ್ಯುತ್ತಾರೆ. ಉದ್ರಿಯ ಪ್ರಶ್ನೆಯೇ ಇಲ್ಲ. ಸಾಮಗ್ರಿ ಎರಡು ದಿನಕ್ಕಾಗುವಷ್ಟಿರುತ್ತದೆ. ಹಾಲು, ತರಕಾರಿಯವರಿಗೆ ವಾರಕ್ಕೊಮ್ಮೆ ಹಣ ಪಾವತಿಯಾಗುತ್ತದೆ ಎಂದುಕೊಂಡರೆ, ಲೆಕ್ಕ ಸೊನ್ನೆಗಿಂತ ಐದು ದಿನ ಕೆಳಗೆ ಬರುತ್ತದೆ. ಅಂದರೆ ಪೂರೈಕೆದಾರರ ಹಣದಲ್ಲೇ ಹೋಟೆಲು ನಡೆಯುತ್ತಿದೆ. ಅಲ್ಲಿ ಕುರ್ಚಿಗಳೇಕಿಲ್ಲ ಎಂದೂ ಕೇಳಿ ನೋಡಿ. ಬಾಡಿಗೆ ಚದರ ಅಡಿಗೆ ಲೆಕ್ಕವಾಗುವ ಊರಿನಲ್ಲಿ, ನಿಂತು ತಿನ್ನುವ ಗಿರಾಕಿ ಕುಳಿತವನಿಗಿಂತ ಬೇಗ ಜಾಗ ಬಿಡುತ್ತಾನೆ ಎಂಬ ಉತ್ತರದಲ್ಲಿ ಉತ್ಪಾದನಾ ನಿರ್ವಹಣೆಯ ಒಂದಿಡೀ ಅಧ್ಯಾಯ ಅಡಗಿದೆ. ಒಂದೇ ರಸ್ತೆಯ ಎರಡು ಬದಿಯಲ್ಲಿ ಒಬ್ಬರ ಹಣ ಸಿಕ್ಕಿಬಿದ್ದಿದೆ, ಇನ್ನೊಬ್ಬರದು ತಿರುಗುತ್ತಿದೆ. ಇದನ್ನು ಕಣ್ಣಾರೆ ಕಂಡವರು ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಸೂತ್ರವನ್ನು ನೆನಪಿಸಿಕೊಳ್ಳಬೇಕಾಗುವುದಿಲ್ಲ.

ವರ್ತಕರ ಬಾಯಲ್ಲಿ ಬರುವ ‘ಗಿಟ್ಟುವುದಿಲ್ಲ’ ಎಂಬ ಮಾತನ್ನೂ ಕಿವಿಗೊಟ್ಟು ಕೇಳಿ. ಕೆಲವೊಮ್ಮೆ ಅದರ ಅರ್ಥ ಅಸಲೇ ಹುಟ್ಟುವುದಿಲ್ಲ ಎಂದು. ಕೆಲವೊಮ್ಮೆ ಅಸಲು ಹುಟ್ಟಿದರೂ ಬಾಡಿಗೆ, ಕೂಲಿ ಕಳೆದರೆ ಏನೂ ಉಳಿಯುವುದಿಲ್ಲ ಎಂದು. ಇನ್ನು ಕೆಲವೊಮ್ಮೆ ಉಳಿಯುತ್ತದೆ, ಆದರೆ ಅಷ್ಟೇ ಹಣವನ್ನು ಬೇರೆ ಕಡೆ ಹಾಕಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತು ಎಂದು. ಪಠ್ಯಪುಸ್ತಕ ಈ ಮೂರಕ್ಕೂ ಬೇರೆ ಬೇರೆ ಇಂಗ್ಲಿಷ್ ಹೆಸರುಗಳನ್ನು ಕೊಟ್ಟಿದೆ. ಹೇಳಿದವರು ಯಾವ ಅರ್ಥದಲ್ಲಿ ಹೇಳಿದರು ಎಂಬುದನ್ನು ಬಿಡಿಸಿ ಬರೆಯುವುದು ಒಳ್ಳೆಯ ಅಭ್ಯಾಸ.

ನಿಮ್ಮ ಕನ್ನಡ ಮಾಧ್ಯಮದ ಅಳುಕಿಗೆ ಉತ್ತರವೂ ಇಲ್ಲೇ ಇದೆ. ಜಮಾ, ಖರ್ಚು, ರೋಕಡ, ಉದ್ರಿ, ಅಸಲು, ಬಡ್ಡಿ, ಮುದ್ದತು ಎಂಬ ಮಾತುಗಳನ್ನು ಕೇಳುತ್ತ ಬೆಳೆದವರಿಗೆ ವ್ಯಾಪಾರದ ತರ್ಕ ಹೊಸದಲ್ಲ, ಅದರ ಇಂಗ್ಲಿಷ್ ಹೊದಿಕೆ ಮಾತ್ರ ಹೊಸದು. ಹೊಸ ಪರಿಕಲ್ಪನೆಯೊಂದನ್ನು ಕಲಿತ ದಿನ ಫೋನಿನಲ್ಲಿ ಅಮ್ಮನಿಗೆ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ, ಮನೆಯಲ್ಲಿ ಆಡುವ ಮಾತಿನಲ್ಲಿ, ಹೇಳಿ ನೋಡಿ. ಅವರಿಗೆ ತಿಳಿಯುವಂತೆ ಹೇಳಲು ಬಾರದಿದ್ದರೆ ತೊಡಕು ನಿಮ್ಮ ಇಂಗ್ಲಿಷಿನಲ್ಲಿಲ್ಲ, ವಿಷಯವೇ ಇನ್ನೂ ನಿಮ್ಮದಾಗಿಲ್ಲ. ಹಾಗೆಂದು ಇಂಗ್ಲಿಷನ್ನು ತಪ್ಪಿಸಿಕೊಳ್ಳಲಾಗದು. ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ ಎಲ್ಲವೂ ಅದರಲ್ಲೇ ನಡೆಯುತ್ತವೆ. ಆದರೆ ಉಚ್ಚಾರಣೆ ತಿದ್ದುವ ತರಬೇತಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ವಾರಕ್ಕೊಂದು ಪುಟದ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಬರೆಯಿರಿ: ಸಮಸ್ಯೆ ಏನು, ಅಂಕಿಗಳು ಏನು ಹೇಳುತ್ತವೆ, ನೀವಾಗಿದ್ದರೆ ಏನು ನಿರ್ಧರಿಸುತ್ತಿದ್ದಿರಿ. ವಾಕ್ಯಗಳು ಚಿಕ್ಕದಾಗಿರಲಿ. ತರಗತಿಯಲ್ಲಿ ಪ್ರತಿದಿನ ಒಂದು ಪ್ರಶ್ನೆಯನ್ನಾದರೂ, ಅದೂ ಮೊದಲ ಹತ್ತು ನಿಮಿಷದೊಳಗೆ, ಕೇಳಿಬಿಡಿ. ಹೊತ್ತು ಹೋದಷ್ಟೂ ಅಳುಕು ಬೆಳೆಯುತ್ತದೆ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ಜನ ನಗಬಹುದು. ಮೂರನೆಯ ಸೆಮಿಸ್ಟರಿಗೆ ಬರುವಾಗ ಅವರಿಗೆ ಅವರವರ ಚಿಂತೆಯೇ ಸಾಕಷ್ಟಿರುತ್ತದೆ.

ಅಂಗಡಿಗಳನ್ನು ನೋಡುವ ಕಣ್ಣಿನಿಂದಲೇ ದೊಡ್ಡ ಕಂಪನಿಗಳನ್ನೂ ನೋಡಬಹುದು. ಷೇರು ಮಾರುಕಟ್ಟೆಯಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಯೂ ವಾರ್ಷಿಕ ವರದಿಯನ್ನು ಪ್ರಕಟಿಸಲೇಬೇಕು, ಓದಲು ಕಾಸು ಕೊಡಬೇಕಾಗಿಲ್ಲ. ಒಂದೇ ಕಂಪನಿಯನ್ನು ಆರಿಸಿ, ಅದರ ಐದು ವರ್ಷಗಳ ವರದಿಗಳನ್ನು ಎರಡು ವರ್ಷ ಬಿಡದೆ ಓದಿ. ತನಿಷ್ಕ್ ಆಭರಣ ಮಳಿಗೆಗಳ ಒಡೆತನದ ಟೈಟನ್ ಕಂಪನಿಯನ್ನೇ ತೆಗೆದುಕೊಳ್ಳಿ. ಅದರ ಬ್ಯಾಲೆನ್ಸ್ ಶೀಟಿನ ಹೊಣೆಗಾರಿಕೆಗಳ ಪಟ್ಟಿಯಲ್ಲಿ ‘ಗೋಲ್ಡ್ ಆನ್ ಲೋನ್’ ಎಂಬ ಒಂದು ಸಾಲಿದೆ. ಮೊದಲ ಬಾರಿ ಓದುವವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ನಿಂತು ವಿಚಾರಿಸಿದರೆ ಒಂದು ಸೊಗಸಾದ ಏರ್ಪಾಡು ಕಾಣುತ್ತದೆ: ಆಭರಣ ತಯಾರಕರು ಬ್ಯಾಂಕಿನಿಂದ ಹಣದ ಬದಲು ಚಿನ್ನವನ್ನೇ ಸಾಲವಾಗಿ ಪಡೆಯುತ್ತಾರೆ, ಅದರ ಬೆಲೆಯನ್ನು ಆಮೇಲೆ ನಿಗದಿ ಮಾಡಿಕೊಳ್ಳುತ್ತಾರೆ, ಹೀಗಾಗಿ ಸರಕು ಕಪಾಟಿನಲ್ಲಿರುವಾಗ ಚಿನ್ನದ ದರ ಕುಸಿದರೂ ಆ ಪೆಟ್ಟು ತಯಾರಕರಿಗೆ ತಟ್ಟುವುದಿಲ್ಲ. ಇಷ್ಟು ತಿಳಿದ ಮೇಲೆ ನಿಮ್ಮೂರಿನ ಚಿನ್ನದ ಅಂಗಡಿಗೆ ಹೋಗಿ, ದರ ಇಳಿದಾಗ ನೀವೇನು ಮಾಡುತ್ತೀರಿ ಎಂದು ಯಜಮಾನರನ್ನು ಕೇಳಿದರೆ, ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಮನವರಿಕೆಯಾಗುತ್ತದೆ. ಕಾಲೇಜಿನ ಗ್ರಂಥಾಲಯ ಕಂಪನಿಗಳ ಲೆಕ್ಕಪತ್ರಗಳನ್ನು ಒಂದೆಡೆ ಸೇರಿಸಿಟ್ಟಿರುವ, ಸಿಎಂಐಇ ಸಂಸ್ಥೆಯ ಪ್ರೊವೆಸ್‌ನಂಥ ದತ್ತಾಂಶ ಕೋಶಕ್ಕೆ ಚಂದಾ ಕಟ್ಟಿದೆಯೇ ಎಂದು ಮೊದಲ ವಾರದಲ್ಲೇ ವಿಚಾರಿಸಿ. ಅದಕ್ಕೂ ನಿಮ್ಮ ಗುರುತಿನ ಚೀಟಿ ಇರುವವರೆಗೆ ಮಾತ್ರ ಪ್ರವೇಶ.

ಇನ್ನು ಕೇಸ್ ಪದ್ಧತಿಯ ವಿಷಯ. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲು ಬೆಳೆಸಿದ ಈ ಪದ್ಧತಿ, ಅದರ ಸಹಯೋಗದೊಂದಿಗೆ 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಐಐಎಂ ಮೂಲಕ ನಮ್ಮಲ್ಲಿ ಬೇರೂರಿತು. ಅಪೂರ್ಣ ಮಾಹಿತಿಯೊಂದಿಗೆ ಒಂದು ಕಂಪನಿಯ ಕಥೆಯನ್ನು ನಿರ್ಧಾರದ ಕ್ಷಣಕ್ಕೆ ತಂದು ನಿಲ್ಲಿಸುವುದು, ಮುಂದೇನು ಎಂದು ಇಡೀ ತರಗತಿ ವಾದಿಸುವುದು, ನಿಮ್ಮ ತೀರ್ಮಾನವನ್ನು ಎಪ್ಪತ್ತು ಜನ ಎದುರಿಗೇ ಹರಿದು ಹಾಕುವುದು, ಇದು ಅದರ ಜೀವಾಳ. ನಮ್ಮ ವಿಶ್ವವಿದ್ಯಾಲಯಗಳಿಗೆ ಬರುವಷ್ಟರಲ್ಲಿ ಅದು ಪ್ರಶ್ನೆಪತ್ರಿಕೆಯ ಕೊನೆಯ ಕಡ್ಡಾಯ ಪ್ರಶ್ನೆಯಾಗಿ ಕುಗ್ಗಿದೆ, ಉತ್ತರವಾಗಿ ನಾಲ್ಕು ಸಿದ್ಧಾಂತಗಳ ಹೆಸರು ಬರೆದರೆ ಸಾಕು ಎಂಬಂತಾಗಿದೆ. ಅದನ್ನು ಕಾಲೇಜು ಸರಿಪಡಿಸಲಿ ಎಂದು ಕಾಯಬೇಡಿ. ಐದಾರು ಜನ ಗೆಳೆಯರು ಸೇರಿ ಶನಿವಾರಕ್ಕೊಂದು ಕೇಸ್ ಇಟ್ಟುಕೊಂಡರೆ ಸಾಕು, ಅದಕ್ಕೆ ವಿದೇಶದ ಕೇಸ್‌ಗಳನ್ನು ಕೊಳ್ಳಬೇಕಾಗಿಯೂ ಇಲ್ಲ.

ನೀವು ಪುತ್ತೂರಿನವರಾದ್ದರಿಂದ ನಿಮ್ಮ ಮನೆಬಾಗಿಲಿನಲ್ಲೇ ಒಂದು ಕೇಸ್ ಇದೆ. ಅಡಿಕೆ ಬೆಳೆಗಾರರು ಬೆಲೆ ಕುಸಿತದಿಂದ ಕಂಗೆಟ್ಟಾಗ, ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಟ್ಟುಗೂಡಿಸಿ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿತು, ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕರು. ಕೆಲವೇ ವರ್ಷಗಳಲ್ಲಿ ಇನ್ನೊಂದು ಸಂಕಟ ಬಂತು. ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಸಲು ರೈತರಿಗೆ ಉತ್ತೇಜನ ಸಿಕ್ಕಿತ್ತು, ಗಿಡಗಳು ಫಲಕ್ಕೆ ಬರುವಾಗ ಬೆಲೆ ಬಿತ್ತು, ಖಾಸಗಿ ಖರೀದಿ ಹಿಂದೆ ಸರಿಯಿತು. ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಗೆಳೆಯರನ್ನು ಕೇಳಿ: ನೀವು ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದೀರಿ. ಸಂಸ್ಥೆ ಕಟ್ಟಿದ್ದು ಅಡಿಕೆಗಾಗಿ. ಕೊಕ್ಕೋವನ್ನೂ ಕೊಳ್ಳುತ್ತೀರಾ? ಕೊಂಡರೆ ಯಾರಿಗೆ ಮಾರುತ್ತೀರಿ? ಕೊಳ್ಳದಿದ್ದರೆ, ನಿಮ್ಮ ಸದಸ್ಯರೇ ಆಗಿರುವ ಬೆಳೆಗಾರರಿಗೆ ಏನು ಹೇಳುತ್ತೀರಿ? ಒಬ್ಬರು ಸಂಸ್ಥೆಯ ಮೂಲ ಉದ್ದೇಶವನ್ನು ಹಿಡಿದು ವಾದಿಸುತ್ತಾರೆ, ಇನ್ನೊಬ್ಬರು ನಗದನ್ನು ಹಿಡಿದು, ಮತ್ತೊಬ್ಬರು ಸದಸ್ಯರ ನಂಬಿಕೆಯನ್ನು ಹಿಡಿದು. ವಾದ ಮುಗಿದ ಮೇಲೆ ನಡೆದದ್ದನ್ನು ಹೇಳಿ: ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ನಡೆದದ್ದೇ ಸರಿಯಾದ ಉತ್ತರ ಎಂದೇನೂ ಅಲ್ಲ. ಬೇರೆ ದಾರಿಗಳಿದ್ದವೇ ಎಂಬುದನ್ನು ಮುಂದಿನ ಶನಿವಾರಕ್ಕೂ ಎಳೆಯಬಹುದು. ರಜೆಯಲ್ಲಿ ಊರಿಗೆ ಹೋದಾಗ, ಆ ಕಾಲದಲ್ಲಿ ಕೊಕ್ಕೋ ಹಾಕಿದ್ದ ಹಿರಿಯ ಬೆಳೆಗಾರರೊಬ್ಬರ ಜಗಲಿಯಲ್ಲಿ ಕುಳಿತು ಕೇಳಿದರೆ, ಯಾವ ಮುದ್ರಿತ ಕೇಸ್‌ನಲ್ಲೂ ಇಲ್ಲದ ವಿವರಗಳು ಸಿಗುತ್ತವೆ.

ಅಂಥದೇ ಇನ್ನೊಂದು ಕೇಸ್, ಪಿಗ್ಮಿ ಠೇವಣಿ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯವನ್ನು ಮನೆಬಾಗಿಲಿಗೆ ಏಜೆಂಟರನ್ನು ಕಳುಹಿಸಿ ಸಂಗ್ರಹಿಸತೊಡಗಿತು. ಎರಡಾಣೆ ತರಲು ತಗಲುವ ವೆಚ್ಚ ಎಷ್ಟು, ಅದು ಗಿಟ್ಟಿದ್ದು ಹೇಗೆ ಎಂಬುದು ಮೊದಲ ಪ್ರಶ್ನೆ. ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಸಂಗ್ರಹಿಸುವವರು ಇಂದಿಗೂ ನಮ್ಮ ಪೇಟೆಗಳಲ್ಲಿ ಸಹಕಾರಿ ಸಂಘಗಳ ಪರವಾಗಿ ಓಡಾಡುತ್ತಿದ್ದಾರೆ. ಮೊಬೈಲಿನಲ್ಲೇ ಹಣ ಕಳುಹಿಸಬಹುದಾದ ಈ ಕಾಲದಲ್ಲೂ ಜನ ಅವರಿಗಾಗಿ ಕಾಯುವುದೇಕೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಅಂಥವರೊಬ್ಬರ ಜೊತೆ ಒಂದು ಸಂಜೆ ಅಂಗಡಿಯಿಂದ ಅಂಗಡಿಗೆ ನಡೆದು ಬನ್ನಿ. ಮಾರುಕಟ್ಟೆ ಸಂಶೋಧನೆ ಎಂದರೆ ನನ್ನ ಮಟ್ಟಿಗೆ ಇದೇ.

ಇಂಟರ್ನ್‌ಶಿಪ್ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇನೆ. ಬಿಸ್ಕತ್ತು ಕಂಪನಿಯೊಂದಕ್ಕಾಗಿ ನೂರು ಚಿಲ್ಲರೆ ಅಂಗಡಿಗಳ ಸಮೀಕ್ಷೆ ನನ್ನ ಪಾಲಿಗೆ ಬಂದಿತ್ತು. ಬಿಸಿಲಿನಲ್ಲಿ ಅರುವತ್ತರಷ್ಟು ಅಂಗಡಿ ಸುತ್ತಿ, ಉಳಿದ ನಲವತ್ತು ಪ್ರಶ್ನಾವಳಿಗಳನ್ನು ಹಾಸ್ಟೆಲ್ ಕೋಣೆಯಲ್ಲಿ ಗೆಳೆಯರೊಂದಿಗೆ ಕುಳಿತು ತುಂಬಿಸಿದೆ. ವರದಿ ಅಂದವಾಗಿ ಬಂತು, ಬಣ್ಣದ ನಕ್ಷೆಗಳಿದ್ದವು. ಮೌಖಿಕ ಪರೀಕ್ಷೆಗೆ ಬಂದ ಹಿರಿಯ ಪರೀಕ್ಷಕರು ಪುಟಗಳನ್ನು ನಿಧಾನವಾಗಿ ತಿರುವಿ ಒಂದೇ ಪ್ರಶ್ನೆ ಕೇಳಿದರು: ‘ನೂರು ಅಂಗಡಿಗಳಲ್ಲಿ ನಿಮ್ಮನ್ನು ಬೈದು ಕಳುಹಿಸಿದವರು ಎಷ್ಟು ಮಂದಿ?’ ನನ್ನ ವರದಿಯಲ್ಲಿ ನೂರಕ್ಕೆ ನೂರು ಮಂದಿ ಉತ್ತರಿಸಿದ್ದರು. ನಾನು ತಲೆ ತಗ್ಗಿಸಿದೆ. ಅವರು ತೇರ್ಗಡೆಯ ಅಂಕ ಕೊಟ್ಟು, ಇನ್ನೇನೂ ಹೇಳದೆ ಮುಂದಿನವರನ್ನು ಕರೆದರು. ಇಂದು ಪರೀಕ್ಷಕನಾಗಿ ಹೋದಾಗ ನಾನೂ ಅದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಬಲ್ಲವರು ನಿಜವಾಗಿ ಬೀದಿ ಸುತ್ತಿದ್ದಾರೆ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಪ್ರಾಜೆಕ್ಟ್ ವರದಿಯನ್ನು ಕೊಳ್ಳುವವರು ಮೋಸ ಮಾಡುವುದು ವಿಶ್ವವಿದ್ಯಾಲಯಕ್ಕಲ್ಲ. ಎರಡು ವರ್ಷದಲ್ಲಿ ಒಮ್ಮೆ ಮಾತ್ರ ಸಿಗುವ, ಒಂದು ಸಂಸ್ಥೆಯ ಒಳಗಿನ ಲೆಕ್ಕವನ್ನು ನೋಡುವ ಅನುಮತಿಯನ್ನು ಅವರು ಮಾರಿಕೊಂಡಿರುತ್ತಾರೆ.

ಇಂಟರ್ನ್‌ಶಿಪ್ ಆರಿಸುವಾಗ ಕಂಪನಿಯ ಹೆಸರಿಗಿಂತ ಅಲ್ಲಿ ನಿಮಗೆ ಯಾವ ಕಾಗದಪತ್ರ ನೋಡಲು ಸಿಗುತ್ತದೆ ಎಂಬುದನ್ನು ವಿಚಾರಿಸಿ. ಹೆಸರಾಂತ ಕಂಪನಿಯಲ್ಲಿ ಎಂಟು ವಾರ ಹಾಜರಾತಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸುವುದಕ್ಕಿಂತ, ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕದಲ್ಲೋ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲೋ ಯಜಮಾನರ ಪಕ್ಕದ ಮೇಜಿನಲ್ಲಿ ಕೂರುವುದು ಮೇಲು. ಅಂಥ ಕಡೆ ಯಾವ ಕೆಲಸ ಕೇಳಬೇಕು ಎಂದು ತೋಚದಿದ್ದರೆ ಒಂದನ್ನು ಸೂಚಿಸುತ್ತೇನೆ. ಸಣ್ಣ ಘಟಕಗಳ ದೊಡ್ಡ ಕಷ್ಟ, ಮಾಲು ಕೊಟ್ಟ ಮೇಲೆ ದೊಡ್ಡ ಕಂಪನಿಗಳಿಂದ ಹಣ ಬಾರದಿರುವುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ, ಆದರೂ ಬಿಲ್ಲುಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಬಾಕಿ ಇರುವ ಪ್ರತಿಯೊಂದು ಬಿಲ್ಲನ್ನೂ 45 ದಿನದೊಳಗಿನದು, 90ರೊಳಗಿನದು, ಅದಕ್ಕೂ ಹಳೆಯದು ಎಂದು ವಿಂಗಡಿಸಿ, ಯಾವ ಗ್ರಾಹಕ ಏಕೆ ತಡಮಾಡುತ್ತಾನೆ ಎಂದು ವಿಚಾರಿಸಿ ಪಟ್ಟಿ ಮಾಡಿಕೊಡಿ. ಕೆಲವು ವಿಳಂಬಗಳಿಗೆ ಕಾರಣ ದುರುದ್ದೇಶವಲ್ಲ, ಬಿಲ್ಲಿನಲ್ಲಿ ಆರ್ಡರ್ ಸಂಖ್ಯೆ ತಪ್ಪಾಗಿ ಬಿದ್ದದ್ದು ಎಂದು ಗೊತ್ತಾದೀತು. ಎಂಟು ವಾರದ ಕೊನೆಗೆ ಆ ಯಜಮಾನರಿಗೆ ನಿಜವಾದ ಹಣ ವಾಪಸು ಬಂದಿದ್ದರೆ, ಸಂದರ್ಶನದಲ್ಲಿ ಹೇಳಲು ನಿಮಗೊಂದು ಅಂಕಿ ಇರುತ್ತದೆ.

ಉಳಿದ ಕೆಲವನ್ನು ಚುಟುಕಾಗಿ ಹೇಳಿಬಿಡಬಹುದು. ವಿಶೇಷ ವಿಷಯದ ಆಯ್ಕೆಯನ್ನು ಗೆಳೆಯರು ಯಾವುದಕ್ಕೆ ಹೋಗುತ್ತಾರೆ ಎಂಬುದರ ಮೇಲೆ ಮಾಡಬೇಡಿ, ಮೊದಲ ವರ್ಷದ ಕೊನೆಯಲ್ಲಿ ಯಾವ ವಿಷಯದ ಲೆಕ್ಕವನ್ನು ಯಾರೂ ಹೇಳದೆ ಬಿಡಿಸಲು ಕುಳಿತಿರಿ ಎಂಬುದರ ಮೇಲೆ ಮಾಡಿ. ಎಕ್ಸೆಲ್ ಕೈಗೆ ಬರಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಆನ್‌ಲೈನ್ ಪ್ರಮಾಣಪತ್ರಗಳನ್ನು ಗೋಡೆಗೆ ತೂಗುಹಾಕುವಷ್ಟು ಕೂಡಿಹಾಕುವುದು ವ್ಯರ್ಥ. ಷೇರು ಅಥವಾ ಮ್ಯೂಚುವಲ್ ಫಂಡ್ ಕ್ಷೇತ್ರಕ್ಕೆ ಹೋಗುವ ನಿರ್ಧಾರವಿದ್ದರೆ ಎನ್ಐಎಸ್ಎಂ ಎಂಬ ಷೇರುಪೇಟೆ ಶಿಕ್ಷಣ ಸಂಸ್ಥೆ ನಡೆಸುವ ಪರೀಕ್ಷೆಗಳಿಗೆ ಅರ್ಥವಿದೆ, ಏಕೆಂದರೆ ಅಲ್ಲಿನ ಕೆಲವು ಕೆಲಸಗಳಿಗೆ ಅವು ಕಡ್ಡಾಯ. ಕಾಲೇಜು ಉತ್ಸವದಲ್ಲಿ ಪ್ರಾಯೋಜಕರಿಂದ ಹಣ ತರುವ ಜವಾಬ್ದಾರಿಯನ್ನು ಮಾತ್ರ ಕೇಳಿ ಪಡೆಯಿರಿ. ಮಾರಾಟದಲ್ಲಿ ‘ಇಲ್ಲ’ ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ಅಭ್ಯಾಸ ಅಲ್ಲಿ ಆಗುವಷ್ಟು ಇನ್ನೆಲ್ಲೂ ಆಗದು.

ಸಾಲದ ಲೆಕ್ಕವನ್ನು ನೀವೇ ನಿಮ್ಮ ಮೊದಲ ಹಣಕಾಸಿನ ಪ್ರಾಜೆಕ್ಟ್ ಎಂದು ತಿಳಿದು ಮಾಡಬೇಕು, ಅಪ್ಪನಿಗೆ ಬಿಡಬಾರದು. 8 ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇ 10 ಬಡ್ಡಿ, ಏಳು ವರ್ಷದ ಕಂತು ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 13,300 ರೂಪಾಯಿ ಆಗುತ್ತದೆ. ಇದು ಓದುವ ಕಾಲದ ಬಡ್ಡಿಯನ್ನು ಸೇರಿಸದ ಲೆಕ್ಕ. ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಆ ಕಾಲದಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮನೆಯವರಿಗೆ ಸಾಧ್ಯವಿದ್ದರೆ ಆ ಬಡ್ಡಿಯನ್ನಷ್ಟೇ ಆಗಾಗ ಕಟ್ಟುತ್ತ ಬಂದರೆ ಮುಂದಿನ ಹೊರೆ ಹಗುರವಾಗುತ್ತದೆ. ಶಾಖೆಯಲ್ಲಿ ಅಡಮಾನ ಕೇಳಿದರೆ, 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವಿಲ್ಲದ ಸರ್ಕಾರಿ ಖಾತರಿ ಯೋಜನೆಯಿದೆ ಎಂಬುದನ್ನು ನೆನಪಿಸಿ, ಅದಕ್ಕೆ ನಿಮ್ಮ ಸಾಲ ಅರ್ಹವೇ ಎಂದು ಕೇಳಿ. ಈ 13,300ನ್ನು ಕಾಗದದ ಮೇಲೆ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಮುಂದೆ ಪ್ಲೇಸ್‌ಮೆಂಟ್ ಸಮಯದಲ್ಲಿ ಕಂಪನಿಗಳು ಸಿಟಿಸಿ ಎಂಬ ವಾರ್ಷಿಕ ಮೊತ್ತವನ್ನು ಹೇಳುತ್ತವೆ, ಅದರಲ್ಲಿ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ಗ್ರಾಚ್ಯುಟಿ, ಗುರಿ ಮುಟ್ಟಿದರೆ ಮಾತ್ರ ಬರುವ ಮೊತ್ತ ಎಲ್ಲವೂ ಸೇರಿರುತ್ತದೆ. ಕಂತು ಕಟ್ಟುವುದು ಕೈಗೆ ಬರುವ ಸಂಬಳದಿಂದ, ಸಿಟಿಸಿಯಿಂದಲ್ಲ. ಕಾಲೇಜು ಜಾಹೀರಾತಿನಲ್ಲಿ ಹಾಕುವ ಅತ್ಯಧಿಕ ಸಂಬಳ ಒಬ್ಬರದು. ನೀವು ಹಿಂದಿನ ವರ್ಷದ ಐದಾರು ವಿದ್ಯಾರ್ಥಿಗಳಿಗೆ ಫೋನು ಮಾಡಿ ತಿಂಗಳಿಗೆ ಬ್ಯಾಂಕಿಗೆ ಎಷ್ಟು ಬೀಳುತ್ತದೆ ಎಂದು ನೇರವಾಗಿ ಕೇಳಿ. ಗುರುತಿನ ಚೀಟಿ ಇರುವಾಗ ಈ ಪ್ರಶ್ನೆಯನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಕ್ಯಾಟ್ ವಿಚಾರ. ಶುಲ್ಕ ಕಟ್ಟುವ ಮೊದಲು ನೀವು ಕೇಳಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತೇನೋ: ಒಂದೆರಡು ವರ್ಷ ಎಲ್ಲಾದರೂ ಕೆಲಸ ಮಾಡಿ, ಆ ಅನುಭವದೊಂದಿಗೆ ಪರೀಕ್ಷೆ ಬರೆಯುವುದು ಗೌರವಯುತವಾದ ದಾರಿಯೇ. ಆದರೆ ಸೇರಿದ ಮೇಲೆ ಎರಡು ದೋಣಿಗಳಲ್ಲಿ ಕಾಲಿಡುವುದು ಕಷ್ಟ. ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಅಡಿಪಾಯದ ವಿಷಯಗಳು ನಡೆಯುವ ದಿನಗಳೂ ಅವೇ. ನಾನು ಕಂಡ ಹಾಗೆ, ಎರಡಕ್ಕೂ ಓದಲು ಹೋದವರಲ್ಲಿ ಹೆಚ್ಚಿನವರು ಆ ಪರೀಕ್ಷೆಯನ್ನೂ ಈ ಸೆಮಿಸ್ಟರನ್ನೂ ಅರ್ಧಂಬರ್ಧ ಮಾಡಿದರು. ಮನಸ್ಸು ಇನ್ನೂ ತೂಗುತ್ತಿದ್ದರೆ ತರಗತಿಗಳು ಆರಂಭವಾಗುವುದಕ್ಕೆ ಹಿಂದಿನ ಭಾನುವಾರ ಹಳೆಯ ಕ್ಯಾಟ್ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ನಿಮಗೆ ಬೇಕಾದ ಅಂಕಕ್ಕೂ ಬಂದ ಅಂಕಕ್ಕೂ ಕೂದಲೆಳೆಯ ಅಂತರವಿದ್ದರೆ, ಸೀಟು ಬಿಟ್ಟರೆ ಶುಲ್ಕದಲ್ಲಿ ಎಷ್ಟು ವಾಪಸು ಬರುತ್ತದೆ ಎಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ, ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ. ಅಂತರ ದೊಡ್ಡದಿದ್ದರೆ ಪುಸ್ತಕಗಳನ್ನು ತಮ್ಮನಿಗೋ ತಂಗಿಗೋ ಕೊಟ್ಟು, ಸೋಮವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಕಿರಾಣಿ ಅಂಗಡಿಯ ಯಜಮಾನರನ್ನು ಮಾತನಾಡಿಸಲು ಹೋಗಿ. ಸಂಜೆ ಹೋಗಬೇಡಿ, ಆಗ ಅವರಿಗೆ ತಲೆಯೆತ್ತಲೂ ಪುರುಸೊತ್ತಿರುವುದಿಲ್ಲ.